ಹ್ಯಾಲೋವೀನ್ ಫಲಕಗಳು: 24ರೊಳಗೆ ನಿಮ್ಮ ಸಾಲು ಕಳಿಸಿ

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ 31ರ ಸಂಜೆ ಮಕ್ಕಳು 'ಟ್ರಿಕ್ ಆರ್ ಟ್ರೀಟ್' ಅಂತ ಮನೆಮನೆಗೆ ಬರುತ್ತಾರೆ. ನಮ್ಮ ಬೀದಿಯ ಕನ್ನಡ ಮನೆಗಳ ಮುಂದೆ ಒಂದೊಂದು ಸಾಲಿನ ಫಲಕ ಇಡೋಣ. ಇಂಗ್ಲಿಷಿನ 'ಹ್ಯಾಪಿ ಹ್ಯಾಲೋವೀನ್' ಎಲ್ಲೆಡೆ ಇದ್ದೇ ಇರುತ್ತದೆ, ನಮ್ಮದು 'ನಾಳೆ ಬಾ' ಥರದ ಕನ್ನಡ ಸಾಲು ಇರಲಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ದೆವ್ವಕ್ಕೆಂದೇ ಬರೆದಿದ್ದ ಮಾತು ಇದು. ಈ ಹಬ್ಬಕ್ಕೆ ಇದಕ್ಕಿಂತ ಹೊಂದುವ ಸಾಲು ಸಿಗುವುದು ಕಷ್ಟ. ಮರುದಿನವೇ ರಾಜ್ಯೋತ್ಸವ ಬೇರೆ!

ಸಾಲು ನಾಲ್ಕೈದು ಪದ ಮೀರದಿರಲಿ. ಅಕ್ಷರ ಕನಿಷ್ಠ 2 ಇಂಚು ಎತ್ತರ ಇದ್ದರೆ ಕತ್ತಲಲ್ಲೂ ಕಾಲುದಾರಿಯಿಂದ ಓದಬಹುದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ, ಇಲ್ಲದಿದ್ದರೆ ಮುಂದಿನ ಸಾಲಿಗೆ ಸಿಕ್ಕಿಕೊಳ್ಳುತ್ತದೆ. ನೀರಿನ ಬಣ್ಣ ಬೇಡ, ಇಬ್ಬನಿಗೇ ಇಳಿದುಹೋಗುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಮೇಲೆ ಪ್ಯಾಕಿಂಗ್ ಟೇಪ್ ಹಚ್ಚಿ.

ಕುಂಬಳಕಾಯಿಯಲ್ಲಿ ಕೊರೆಯುವವರು ಗಮನಿಸಿ: ರ, ಠ, ಸೊನ್ನೆಯಂಥ ಮುಚ್ಚಿದ ಸುತ್ತುಗಳನ್ನು ಪೂರ್ತಿ ಕೊರೆದರೆ ನಡುವಿನ ತುಂಡು ಉದುರುತ್ತದೆ. ಎರಡು ಕಡೆ ಅರ್ಧ ಇಂಚು ಸೇತುವೆ ಬಿಡಿ. 29ಕ್ಕಿಂತ ಮೊದಲು ಕೊರೆಯಬೇಡಿ, ಬೂಷ್ಟು ಹಿಡಿಯುತ್ತದೆ. ಒಳಗೆ ಎಲ್‌ಇಡಿ ದೀಪವೇ ಇರಲಿ, ಮಕ್ಕಳ ಉದ್ದನೆಯ ವೇಷಗಳಿಗೆ ಬೆಂಕಿ ತಗಲುವ ಭಯವಿರುವುದಿಲ್ಲ.

ತೀರ ಪುಟ್ಟ ಮಕ್ಕಳೂ ಬರುತ್ತಾರೆ, ರಕ್ತ, ಸಾವಿನ ಮಾತು ಬೇಡ. ನಿಮ್ಮ ಸಾಲನ್ನು 24ರ ರಾತ್ರಿಯೊಳಗೆ ಇಲ್ಲೇ ಹಾಕಿ, ಒಂದೇ ಸಾಲು ಎರಡು ಮನೆಗೆ ಬಾರದಂತೆ ಹಂಚಿಕೊಳ್ಳೋಣ. ಮಾರ್ಕರ್ ಬೇಕಾದವರೂ ತಿಳಿಸಿ.