ಓಇಇ ಅಂಕಿ ನೋಡಿ ಆಪರೇಟರ್ ಮೇಲೆ ರೇಗಬೇಡಿ

ಸಂಪಾದಕರಿಗೆ ನಮಸ್ಕಾರ.

ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೂ ಈಗ ಎಂಇಎಸ್ ಸಾಫ್ಟ್‌ವೇರ್ ಮಾರುವವರು ಬರುತ್ತಿದ್ದಾರೆ. ಆಫೀಸಿನ ಲೆಕ್ಕಪತ್ರ ನೋಡುವ ಸಾಫ್ಟ್‌ವೇರ್ ಇಆರ್‌ಪಿಗೆ ಆರ್ಡರ್ ಗೊತ್ತು, ಸ್ಟಾಕ್ ಗೊತ್ತು. ಆದರೆ ಈ ಕ್ಷಣ ಯಾವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಓಡುತ್ತಿದೆ, ಯಾವ ರಾಡು ಯಾವ ಜಾಬ್‌ಗೆ ಹೋಯಿತು, ಎಷ್ಟು ಪೀಸ್ ರಿಜೆಕ್ಟ್ ಆಯಿತು ಅನ್ನುವುದನ್ನು ಹಿಡಿದಿಡುವುದು ಎಂಇಎಸ್. ಒಳ್ಳೆಯದೇ. ಗಿರಾಕಿ ಎಷ್ಟೋ ತಿಂಗಳ ಮೇಲೆ ಒಂದು ಪೀಸ್ ವಾಪಸ್ ಕಳಿಸಿದರೆ, ಅದರ ಉಕ್ಕಿನ ಹೀಟ್ ನಂಬರ್‌ಗಾಗಿ (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ಹಳೇ ಜಾಬ್ ಕಾರ್ಡ್‌ಗಳ ಕಟ್ಟು ಬಿಚ್ಚಬೇಕಿಲ್ಲ.

ನನ್ನ ತಕರಾರು ಬೇರೆ. ಮಾಲೀಕರು ಓಇಇ (ಮೆಷಿನ್‌ನ ಒಟ್ಟಾರೆ ದಕ್ಷತೆ) ಅನ್ನುವ ಒಂದೇ ಅಂಕಿ ನೋಡಿ ಕೆಲಸಗಾರರ ಮೇಲೆ ರೇಗುತ್ತಾರೆ. ಮೆಷಿನ್ ಓಡಿದ ಸಮಯ ಶೇ 90, ವೇಗ ಶೇ 95, ಸರಿಯಾದ ಪೀಸ್ ಶೇ 99 ಇದ್ದರೂ ಮೂರನ್ನೂ ಗುಣಿಸಿದರೆ ಸಿಗುವುದು ಶೇ 85ರ ಹತ್ತಿರ, ಅಷ್ಟೇ. ಮಿಕ್ಕಿದ್ದು ಎಲ್ಲಿ ಹೋಯಿತು? ಸ್ಟೋರ್‌ನಲ್ಲಿ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಇರಲಿಲ್ಲ, ಮೆಷಿನ್ ಹೊಂದಿಸಿಕೊಡುವ ಸೆಟ್ಟರ್ ಇನ್ನೊಂದು ಮೆಷಿನ್ ಹತ್ತಿರ ಇದ್ದರು, ಇನ್‌ಸ್ಪೆಕ್ಷನ್‌ಗೆ ಹೋದ ಮೊದಲ ಪೀಸ್ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು. ಇದರಲ್ಲಿ ಆಪರೇಟರ್ ತಪ್ಪೇನು? ಅವರ ಮುಂದಿನ ಟ್ಯಾಬ್‌ನಲ್ಲಿ ಮೆಷಿನ್ ನಿಂತ ಕಾರಣಗಳ ಉದ್ದದ ಇಂಗ್ಲಿಷ್ ಪಟ್ಟಿ ಇರುತ್ತದೆ, ಬೈಸಿಕೊಳ್ಳುವುದು ಯಾಕೆ ಅಂತ ಸುಮ್ನೆ ಕೊನೆಯ ‘ಇತರೆ’ ಬಟನ್ ಒತ್ತಿಬಿಡುತ್ತಾರೆ. ಲಕ್ಷಗಟ್ಟಲೆ ಕೊಟ್ಟು ತಂದ ಸಾಫ್ಟ್‌ವೇರ್‌ಗೆ ಸಿಗುವುದು ಈ ಮಾಹಿತಿ!

ಕನ್ನಡದಲ್ಲಿ ಆರೇಳು ಕಾರಣ ಹಾಕಿಸಿ, ಸಾಕು. ಮೊದಲು ಜಾಸ್ತಿ ನಿಲ್ಲುವ ಒಂದೆರಡು ಮೆಷಿನ್‌ಗೆ ಮಾತ್ರ ಜೋಡಿಸಿ ನೋಡಿ. ಆ ಅಂಕಿಯನ್ನು ಯಾರ ಸಂಬಳಕ್ಕೂ ಗಂಟು ಹಾಕಬೇಡಿ.

– ಒಬ್ಬ ಶಿಫ್ಟ್ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು