ಥೈರಾಯ್ಡ್ ಕಣ್ಣನ್ನೂ ಕೆಡಿಸಬಲ್ಲದು, ಗಂಡಸರದ್ದನ್ನೂ

ಮಾನ್ಯ ಸಂಪಾದಕರೇ,

ಥೈರಾಯ್ಡ್ ಎಂದರೆ ಹೆಂಗಸರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಐವತ್ತು ದಾಟಿದ ನನ್ನ ಅಣ್ಣನ ಕಣ್ಣು ಕೆಂಪಾಗಿ ರೆಪ್ಪೆ ಊದಿಕೊಂಡಾಗ ಮನೆಯವರಾದ ನಮಗಾಗಲಿ, ಮೊದಲು ನೋಡಿದ ವೈದ್ಯರಿಗಾಗಲಿ ಗಂಟಲಿನ ಆ ಗ್ರಂಥಿಯ ನೆನಪೇ ಬರಲಿಲ್ಲ. ಮದ್ರಾಸ್ ಐ ಎಂದು ಒಂದು ತಿಂಗಳು, ಧೂಳಿನ ಅಲರ್ಜಿ ಎಂದು ಮತ್ತೆರಡು ತಿಂಗಳು ಕಣ್ಣಿಗೆ ಹನಿ ಬಿಟ್ಟದ್ದಾಯಿತು. ಅಷ್ಟರಲ್ಲಿ ಅವರು ಗದ್ದವನ್ನು ಮೇಲೆತ್ತಿಕೊಂಡು ಪತ್ರಿಕೆ ಓದತೊಡಗಿದ್ದರು; ತಲೆ ನೇರವಾಗಿಟ್ಟರೆ ಒಂದು ಸಾಲು ಎರಡಾಗಿ ಕಾಣುತ್ತಿತ್ತು. ರಾತ್ರಿ ರೆಪ್ಪೆಗಳು ಪೂರ್ತಿ ಮುಚ್ಚದೆ, ಬೆಳಗಾಗುವಷ್ಟರಲ್ಲಿ ಕಣ್ಣು ಒಣಗಿ ಉರಿಯುತ್ತಿತ್ತು. ಕೊನೆಗೆ ಇನ್ನೊಬ್ಬ ವೈದ್ಯರು ಅವರ ಹಳೆಯ ಡ್ರೈವಿಂಗ್ ಲೈಸೆನ್ಸ್ ತರಿಸಿ, ಅದರಲ್ಲಿನ ಫೋಟೋವನ್ನು ಮುಖದ ಪಕ್ಕ ಹಿಡಿದು ನೋಡಿದರು. ಕಪ್ಪು ಗುಡ್ಡೆಯ ಮೇಲಂಚಿನಲ್ಲಿ ಹಿಂದೆಂದೂ ಇರದಿದ್ದ ಬಿಳಿ ಪಟ್ಟಿಯೊಂದು ಈಗ ಕಾಣುತ್ತಿತ್ತು. ಅಂದೇ ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಥೈರಾಯ್ಡಿಗೆ ಸಂಬಂಧಿಸಿದ ಈ ಕಣ್ಣಿನ ತೊಂದರೆ ಹೆಚ್ಚಾಗಿ, ಆ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯ ಜೊತೆಯಲ್ಲಿ ಬರುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣುಗುಡ್ಡೆಯ ಹಿಂದಿನ ಸ್ನಾಯು ಮತ್ತು ಕೊಬ್ಬಿನ ಮೇಲೂ ತಿರುಗಿಬೀಳುತ್ತದೆ. ಅವು ಊದಿಕೊಂಡಾಗ, ಸುತ್ತ ಮೂಳೆಯ ಗೋಡೆಯಿರುವುದರಿಂದ ಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ. ಕೆಲವರಲ್ಲಿ ದೃಷ್ಟಿಯ ನರವೇ ಹಿಂಡಿಹೋಗುತ್ತದೆ. ಥೈರಾಯ್ಡ್ ಕಡಿಮೆಯಿರುವವರಲ್ಲೂ, ವರದಿ ಸರಿಯಾಗಿಯೇ ಇರುವವರಲ್ಲೂ ಅಪರೂಪಕ್ಕೆ ಇದು ಬರುವುದುಂಟು. ಹಾಗಾಗಿ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಸರಿಯಿದೆ ಎಂದ ಮಾತ್ರಕ್ಕೆ ಕಣ್ಣನ್ನು ಕಡೆಗಣಿಸುವಂತಿಲ್ಲ.

ಸಂಖ್ಯೆಯಲ್ಲಿ ಹೆಂಗಸರೇ ಹೆಚ್ಚು ಎಂಬುದು ನಿಜ. ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಕೌಂಟಿಯಲ್ಲಿ ನಡೆದ ಪ್ರಸಿದ್ಧ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಲಕ್ಷ ಹೆಂಗಸರಲ್ಲಿ ಸುಮಾರು 16 ಮಂದಿಗೆ, ಲಕ್ಷ ಗಂಡಸರಲ್ಲಿ ಸುಮಾರು 3 ಮಂದಿಗೆ ಇದು ಹೊಸದಾಗಿ ಬರುತ್ತದೆ. ಆದರೆ ಕಾಯಿಲೆ ಬಿಗಡಾಯಿಸಿದಷ್ಟೂ ಈ ಅಂತರ ಕರಗುತ್ತಾ ಹೋಗುತ್ತದೆ. ಸೌಮ್ಯ ರೂಪದಲ್ಲಿ ಗಂಡಸೊಬ್ಬನಿಗೆ ಒಂಬತ್ತು ಹೆಂಗಸರಿದ್ದರೆ, ತೀವ್ರ ರೂಪದಲ್ಲಿ ಆ ಪ್ರಮಾಣ ಒಂದೂವರೆಗಿಂತಲೂ ಕೆಳಗಿಳಿದದ್ದು ಬ್ರಿಟನ್ನಿನ ವೈದ್ಯರಿಗೆ ಕಂಡುಬಂದಿದೆ. ಗಂಡಸರಿಗೆ ಇದು ಬರುವುದು ಕಡಿಮೆ, ಬಂದರೆ ಕಾಡುವುದು ಹೆಚ್ಚು. ವಯಸ್ಸಾದ ಮೇಲೆ ಬಂದಾಗ ಉಗ್ರವಾಗುವ ಸಂಭವವೂ ಜಾಸ್ತಿ. ವಯಸ್ಸನ್ನಾಗಲಿ, ಮನೆತನದಿಂದ ಬಂದ ಒಲವನ್ನಾಗಲಿ ಯಾರೂ ಬದಲಿಸಲಾರರು.

ಬದಲಿಸಬಹುದಾದ್ದು ಬೀಡಿ, ಸಿಗರೇಟು. ಗ್ರೇವ್ಸ್ ಕಾಯಿಲೆಯುಳ್ಳವರಲ್ಲಿ ಹೊಗೆ ಸೇದುವವರಿಗೆ ಕಣ್ಣಿನ ತೊಂದರೆಯ ಅಪಾಯ ಹಲವು ಪಟ್ಟು ಹೆಚ್ಚು. ದಿನಕ್ಕೆ ಸೇದುವ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತದೆ, ಸ್ಟೆರಾಯ್ಡ್ ಚಿಕಿತ್ಸೆ ಕೊಟ್ಟರೂ ಅದರ ಗುಣ ತಗ್ಗುತ್ತದೆ. ಬಿಟ್ಟವರಲ್ಲಿ ಅಪಾಯ ಇಳಿಯುತ್ತದೆ ಎಂಬುದೂ ಅಷ್ಟೇ ಖಚಿತ. ಮೂವತ್ತು ವರ್ಷ ಸೇದಿದ ನನ್ನ ಅಣ್ಣನಿಗೆ ಬೀಡಿಯಿಂದ ಶ್ವಾಸಕೋಶ ಹಾಳಾಗುತ್ತದೆ, ಬಾಯಿಗೆ ಕ್ಯಾನ್ಸರ್ ಬರುತ್ತದೆ ಎಂಬುದು ಗೊತ್ತಿತ್ತು. ಕಣ್ಣಿಗೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಿರಲಿಲ್ಲ. ಹೇಳಿದ ದಿನವೇ ಅವರು ಬಿಟ್ಟರು. ಅದೇ ಮಾತು ಮೂರು ತಿಂಗಳು ಮೊದಲು ಕಿವಿಗೆ ಬಿದ್ದಿದ್ದರೆ ಎಂದು ನಾನು ಇಂದಿಗೂ ಮರುಗುತ್ತೇನೆ.

ಇನ್ನೊಂದು ವಿಷಯವನ್ನು ರೋಗಿಗಳು ಧೈರ್ಯವಾಗಿ ಕೇಳಬೇಕು. ಹೆಚ್ಚಿದ ಥೈರಾಯ್ಡಿಗೆ ಕೊಡುವ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಒಳ್ಳೆಯ ಚಿಕಿತ್ಸೆಯೇ ಆದರೂ ಕೆಲವರ ಕಣ್ಣನ್ನು ಅದು ಕೆರಳಿಸುತ್ತದೆ. ಇಟಲಿಯ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದನ್ನು ಮಾತ್ರ ಪಡೆದವರ ಪೈಕಿ ಶೇ 15ರಷ್ಟು ಮಂದಿಗೆ ಕಣ್ಣಿನ ತೊಂದರೆ ಹೊಸದಾಗಿ ಕಾಣಿಸಿಕೊಂಡಿತು ಅಥವಾ ಇದ್ದದ್ದು ಹೆಚ್ಚಿತು; ಜೊತೆಗೆ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಪಡೆದವರಲ್ಲಿ ಯಾರಿಗೂ ಹಾಗಾಗಲಿಲ್ಲ. ಆದ್ದರಿಂದ ಆ ಚಿಕಿತ್ಸೆಗೆ ಮುನ್ನ ಕಣ್ಣಿನ ತಪಾಸಣೆ, ನಂತರ ಥೈರಾಯ್ಡ್ ತೀರಾ ಇಳಿದುಹೋಗದಂತೆ ಮೇಲಿಂದ ಮೇಲೆ ರಕ್ತಪರೀಕ್ಷೆ ಎರಡೂ ಬೇಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಥೈರಾಯ್ಡ್ ವರದಿ ಹಿಡಿದು ಬರುವ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, ‘ಸೇದುತ್ತೀರಾ? ಮನೆಯಲ್ಲಿ ಸೇದುವವರಿದ್ದಾರಾ? ಕಣ್ಣು ಹೇಗಿದೆ?’ ಎಂದು ಕೇಳುವ ರೂಢಿಯನ್ನು ಆರೋಗ್ಯ ಇಲಾಖೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಓದುಗರು ಇದೊಂದನ್ನು ನೆನಪಿಡಲಿ: ಈ ಕಾಯಿಲೆ ಇರುವವರಿಗೆ ಕೆಂಪು ಬಣ್ಣ ಒಂದು ಕಣ್ಣಿಗೆ ಮಂಕಾಗಿ ಕಂಡರೆ ನರ ಒತ್ತಡಕ್ಕೆ ಸಿಕ್ಕಿರಬಹುದು. ಮುಂದಿನ ತಪಾಸಣೆಯ ತಾರೀಖಿನವರೆಗೆ ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ