ಮಗಳಿಗೊಂದು ಪತ್ರ: ಬಿಸಿಲಿನ ವಾಸನೆಯ ಹಾಸಿಗೆ

ಪ್ರೀತಿಯ ಮಗಳೇ,

ಮನೆಗೆಲಸ ಎಷ್ಟು ಮಾಡಿದರೂ ಮುಗಿಯುವುದಿಲ್ಲ ಅನ್ನುವ ನಿನ್ನ ಬೇಸರ ಸುಳ್ಳಲ್ಲ ಕಂದಾ. ಆದರೆ ಅವುಗಳಲ್ಲಿ ಕೆಲವು ಕೆಲಸಗಳು ಅದೇ ದಿನ ಮೂಗಿಗೋ ಕಣ್ಣಿಗೋ ಕಿವಿಗೋ ಸುಖ ಕೊಡುತ್ತವೆ. ಹೇಗೋ ಮಾಡಿದರೆ ಆ ಸುಖ ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಾಸಿಗೆ. ಬಿಸಿಲಲ್ಲಿ ಒಣಗಿದ ಹತ್ತಿಯ ಬೆಡ್‌ಶೀಟ್ ಮೇಲೆ ಅದೇ ರಾತ್ರಿ ಮಲಗುವುದಕ್ಕಿಂತ ದೊಡ್ಡ ಸುಖ ಮನೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆ ವಾಸನೆ ಸೋಪಿನದಲ್ಲ. ಒದ್ದೆ ಬಟ್ಟೆಯ ಮೇಲೆ ನೇರ ಬಿಸಿಲು ಬಿದ್ದಾಗ ಆಲ್ಡಿಹೈಡ್, ಕೀಟೋನ್ ಜಾತಿಯ ವಸ್ತುಗಳು ಹುಟ್ಟುತ್ತವೆ. ಸುಗಂಧದ್ರವ್ಯಗಳಲ್ಲೂ ಇಂಥವೇ ಇರುತ್ತವೆ. ರಸಾಯನಶಾಸ್ತ್ರಜ್ಞರು ಟವೆಲ್‌ಗಳನ್ನು ಬಿಸಿಲಲ್ಲಿ, ನೆರಳಲ್ಲಿ, ಮನೆಯೊಳಗೆ ಬೇರೆ ಬೇರೆ ಒಣಗಿಸಿ ಇದನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಆದ್ದರಿಂದ ಒಳಗೆ ಅರ್ಧ ಒಣಗಿಸಿ ಆಮೇಲೆ ಹೊರಗೆ ತರಬೇಡ. ಹಿಂಡಿದ ಕೂಡಲೇ ಬಿಸಿಲಿಗೆ ಹಾಕು.

ಡಿಟರ್ಜೆಂಟ್ ಜಾಸ್ತಿ ಹಾಕಿದರೆ ಜಾಸ್ತಿ ಶುಭ್ರ ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಸರಿಯಾಗಿ ಜಾಲಿಸಿ ಹೋಗದ ಸೋಪು ಎಳೆಗಳಲ್ಲೇ ಉಳಿದು ಬಟ್ಟೆ ಬಿರುಸಾಗುತ್ತದೆ, ಕೊಳೆಯೂ ಬೇಗ ಹಿಡಿಯುತ್ತದೆ. ಪ್ಯಾಕೆಟ್ಟಿನ ಮೇಲಿರುವ ಅಳತೆ ಮೀರಬೇಡ. ಕೊನೆಯ ನೀರಿನಲ್ಲೂ ನೊರೆ ಕಂಡರೆ ಇನ್ನೊಮ್ಮೆ ಜಾಲಿಸು. ಒಗೆದ ಬಟ್ಟೆಯನ್ನು ಮಷಿನ್ನಿನಲ್ಲೇ ಗಂಟೆಗಟ್ಟಲೆ ಬಿಡುವುದು ಇನ್ನೊಂದು ತಪ್ಪು. ಹಾಗೆ ಬಿಟ್ಟರೆ ಬರುವ ಮುಗ್ಗಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಒಮ್ಮೆ ಅದು ಬಟ್ಟೆಯಲ್ಲಿ ನೆಲೆಯೂರಿದರೆ ಬಿಸಿಲಿಗೂ ಸುಲಭವಾಗಿ ಜಗ್ಗುವುದಿಲ್ಲ. ಆಗ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು, ಬಟ್ಟೆ ಅಷ್ಟು ಬಿಸಿ ತಡೆಯುತ್ತದೆಯೋ ಎಂದು ಲೇಬಲ್ ನೋಡಿಕೊಂಡು. ಆ ಬಿಸಿಗೆ ಧೂಳಿನ ನುಸಿಗಳೂ ಸಾಯುತ್ತವೆ.

ತಂತಿಗೆ ಹಾಕುವ ಮೊದಲು ಎರಡು ತುದಿ ಹಿಡಿದು ಮೂರ್ನಾಲ್ಕು ಸಲ ಜೋರಾಗಿ ಕೊಡವು. ಒಣಗಿದ ಹತ್ತಿ ಹಪ್ಪಳದಂತೆ ಸೆಟೆಯುವುದು ಏಕೆ ಗೊತ್ತೇ? ಎಳೆಗಳ ಮೇಲೆ ಉಳಿಯುವ ಚೂರು ನೀರೇ ಅಂಟಿನ ಹಾಗೆ ಒಂದನ್ನೊಂದು ಹಿಡಿದುಕೊಂಡಿರುತ್ತದೆ. ಗಾಳಿಗೆ ಹಾರಾಡುವ ಬಟ್ಟೆಯಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಗಾಳಿಯಿಲ್ಲದ ದಿನ ನಡುವೆ ಒಮ್ಮೆ ನೀನೇ ಹೋಗಿ ಕೊಡವಿ ಮಗ್ಗುಲು ಬದಲಿಸು. ಟವೆಲ್ಲಿಗೆ ಮೆತ್ತಗಾಗಿಸುವ ದ್ರಾವಣ ಮಾತ್ರ ಬೇಡ, ಅದರ ಪದರ ಕೂತರೆ ಟವೆಲ್ ನೀರು ಹೀರುವುದು ಕಡಿಮೆಯಾಗುತ್ತದೆ.

ತೆಗೆಯುವಾಗ ನಡುಭಾಗ ಮುಟ್ಟಿ ನೋಡಿ ಮೋಸಹೋಗಬೇಡ. ಕೊನೆಗೆ ಒಣಗುವುದು ಮಡಚಿ ಹೊಲಿದ ಅಂಚು. ಬಿಸಿಯಾಗಿರುವ ಬಟ್ಟೆಯಲ್ಲಿ ಪಸೆ ಕೈಗೆ ಗೊತ್ತಾಗುವುದಿಲ್ಲ, ಆದ್ದರಿಂದ ಹತ್ತು ನಿಮಿಷ ನೆರಳಲ್ಲಿ ಆರಲು ಬಿಟ್ಟು ಅಂಚನ್ನು ಕೆನ್ನೆಗೆ ಒತ್ತಿ ನೋಡು. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ ಅಂತ ಅರ್ಥ. ಹಾಂ, ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಯನ್ನು ಬಿಗಿಯಾಗಿ ಮುಚ್ಚಬೇಡ. ಹೊದಿಕೆ ಮಡಚಿ ಕಾಲ ಕಡೆಗಿಟ್ಟು, ಕಿಟಕಿ ತೆರೆದು ಒಂದು ಗಂಟೆ ಬಿಡು. ರಾತ್ರಿಯ ಬೆವರಿನ ಪಸೆ ಹೋಗಬೇಕಲ್ಲ.

ಇನ್ನು ಸಂಜೆಯ ಬೆಳಕು. ಬಲ್ಬನ್ನು ವ್ಯಾಟ್ ನೋಡಿ ಕೊಳ್ಳಬೇಡ. ಅದು ಎಷ್ಟು ಕರೆಂಟು ಎಳೆಯುತ್ತದೆ ಅನ್ನುವ ಲೆಕ್ಕ, ಬೆಳಕಿನ ಲೆಕ್ಕ ಲ್ಯೂಮೆನ್. ಬಣ್ಣದ ಲೆಕ್ಕ ಕೆಲ್ವಿನ್: 2700 ಅಂದರೆ ಹಳದಿ ಬೆರೆತ ಬೆಚ್ಚನೆ ಬೆಳಕು, 6500 ಅಂದರೆ ನೀಲಿ ಛಾಯೆಯ ಬಿಳಿ. ದಿನದ ಕೊನೆಗೆ ಕೂತು ಮಾತಾಡುವ ಜಾಗಕ್ಕೆ 2700ರದೇ ಇರಲಿ. ಚಾವಣಿಯ ಒಂದು ದೊಡ್ಡ ದೀಪ ಹಾಕಿದರೆ ಮುಖದ ಮೇಲೆ ನೆರಳು ಬೀಳುತ್ತದೆ. ಅದರ ಬದಲು ಸುಮಾರು 450 ಲ್ಯೂಮೆನ್ನಿನ ಎರಡು ಮೇಜಿನ ದೀಪ ಎರಡು ಮೂಲೆಯಲ್ಲಿಡು. ಕೂತಾಗ ಶೇಡಿನ ಕೆಳಅಂಚು ಕಣ್ಣಿನ ಮಟ್ಟಕ್ಕೆ ಬಂದರೆ ಬಲ್ಬು ಕಣ್ಣಿಗೆ ಕುಕ್ಕುವುದಿಲ್ಲ. ಒಂದೇ ಕೋಣೆಯಲ್ಲಿ ಎರಡು ಬಣ್ಣದ ಬೆಳಕು ಬೆರೆಸಬೇಡ, ಗೋಡೆ ಕಳೆಗುಂದಿದಂತೆ ಕಾಣುತ್ತದೆ.

ಕುಂಡಗಳಿಗೆ ನೀರು ಹಾಕುವಾಗ ಆತುರ ಬೇಡ. ಒಣ ಮಣ್ಣಿಗೆ ಮಳೆ ಬಿದ್ದಾಗ ಏಳುವ ಘಮಕ್ಕೆ ಪೆಟ್ರಿಕೋರ್ ಎಂದು 1964ರಲ್ಲಿ ಹೆಸರಿಟ್ಟರು. ಅದರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಕೂಡ ಸೇರಿದೆ, ನಮ್ಮ ಮೂಗು ಅದನ್ನು ಎಷ್ಟು ಕಡಿಮೆಯಿದ್ದರೂ ಹಿಡಿದುಬಿಡುತ್ತದೆ. ಹನಿ ಮೆಲ್ಲಗೆ ಬಿದ್ದಾಗ ಮಣ್ಣಿನ ರಂಧ್ರದ ಗಾಳಿ ಅದರಡಿ ಸಿಕ್ಕಿ, ಗುಳ್ಳೆಯಾಗಿ ಮೇಲೆದ್ದು ಒಡೆದು, ಘಮವನ್ನು ಹೊರಗೆ ಚಿಮ್ಮಿಸುತ್ತದೆ. ಚೆಂಬಿನಿಂದ ಸುರಿದರೆ ಅದಾಗುವುದಿಲ್ಲ. ಸಣ್ಣ ತೂತಿನ ಜರಡಿ ಮೂತಿಯ ಕ್ಯಾನಿನಿಂದ ಚಿಮುಕಿಸಿ ಅರೆ ನಿಮಿಷ ಬಗ್ಗಿ ನಿಲ್ಲು. ಹೆಚ್ಚಿನ ಗಿಡಗಳಿಗೆ ಬೆರಳು ಚುಚ್ಚಿ ನೋಡಿ ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿದ್ದರೆ ಮಾತ್ರ ನೀರು. ಘಮದ ಆಸೆಗೆ ಪೂರ್ತಿ ಒಣಗಿಸಲೂಬೇಡ: ಮಣ್ಣು ಕುಂಡದ ಅಂಚು ಬಿಟ್ಟುಕೊಂಡರೆ ನೀರು ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ, ಬೇರಿಗೆ ಸಿಗುವುದೇ ಇಲ್ಲ. ಹಾಗಾದರೆ ಕುಂಡವನ್ನೇ ನೀರಿನ ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆ.

ಕಿರುಗುಡುವ ಬಾಗಿಲಿಗೆ ಅಡುಗೆ ಎಣ್ಣೆ ಬಿಡಬೇಡ. ಕೆಲವು ವಾರ ಸುಮ್ಮನಿದ್ದು ಅದು ಜಿಗುಟಾಗಿ ಧೂಳು ಹಿಡಿಯುತ್ತದೆ. ಕೀಲಿನ ಕಡ್ಡಿ ಎಳೆದು ಬರುವಂಥದ್ದಾದರೆ ಒಂದೊಂದನ್ನೇ ತೆಗೆ, ಎಲ್ಲ ಒಟ್ಟಿಗೆ ತೆಗೆದರೆ ಬಾಗಿಲು ಕಳಚಿ ಬೀಳುತ್ತದೆ. ಕಪ್ಪು ಮಸಿ ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಮತ್ತೆ ಕೂರಿಸಿ ಹತ್ತು ಸಲ ಬಾಗಿಲು ಆಡಿಸು. ಮಗು ಮಲಗಿರುವಾಗ ಸದ್ದಿಲ್ಲದೆ ಮುಚ್ಚುವ ಬಾಗಿಲಿನ ಬೆಲೆ ತಿಳಿಯುತ್ತದೆ.

ಮುಂದಿನ ರಜೆಯ ದಿನ ಬಿಸಿಲಿದ್ದರೆ ಬೆಡ್‌ಶೀಟಿನಿಂದಲೇ ಶುರುಮಾಡು. ಬೆಳಿಗ್ಗೆ ಬೇಗ ತಂತಿಗೆ ಬೀಳಲಿ, ಇಬ್ಬನಿ ಬೀಳುವ ಮೊದಲೇ ಒಳಗೆ ತಂದುಬಿಡು. ದಿಂಬಿನ ಕವರ್ ಮರೆಯಬೇಡ, ಮೂಗಿಗೆ ಹತ್ತಿರ ಇರುವುದು ಅದೇ.

ನಿನ್ನ ಅಮ್ಮ